ಏಳನೇ ಕ್ಯಾಸೆಟ್ಟು

ಕುಟಾಯಿಸಿ ಬಸ್ ನಿಲ್ದಾಣದಲ್ಲಿ ನನ್ನದು ಮೂರನೇ ಕಿಟಕಿ.
ಗಾಜಿನಲ್ಲಿ ಅಂಗೈಯಗಲ ತೂತು:
ದುಡ್ಡು ಒಳಗೆ, ಟಿಕೇಟು ಹೊರಗೆ, ಚಳಿ ಎರಡೂ ಕಡೆಗೆ.
ಬತುಮಿಯ ಬಸ್ಸು ಹೊರಟು ಜುಗ್ದಿದಿಯದು ಬರುವತನಕ
ನಲವತ್ತು ನಿಮಿಷ ಜರ್ಮನ್ ಕಲಿಯುತ್ತೇನೆ.
'ಯಾತಕ್ಕೆ?' ಅನ್ನುತ್ತಾಳೆ ಎರಡನೇ ಕಿಟಕಿಯ ಎತೇರಿ.
'ಈ ಹೀಟರು ಅವರ ದೇಶದ್ದು. ಅದಕ್ಕೆ ತಿಳಿಯುವ ಹಾಗೆ ಬೈಯಬೇಕು.'

ಹನ್ನೆರಡು ಕ್ಯಾಸೆಟ್ಟು, ಒಂದು ಪುಸ್ತಕ, ಕೆಂಪು ಡಬ್ಬಿ.
ಗುರು ಬೇಡ, ನೂರು ದಿನ ಸಾಕು ಎಂದು ಮುಚ್ಚಳ ಹೇಳುತ್ತದೆ.
ಇವತ್ತಿಗೆ ನೂರ ಅರವತ್ತು.

ಒಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು.
ದಿನಾ ಬ್ರೆಡ್ಡು ಕೊಳ್ಳುತ್ತಾರೆ, ಸ್ಟೇಷನ್ನಿಗೆ ದಾರಿ ಕೇಳುತ್ತಾರೆ,
ಎಲ್ಲೂ ನಡೆಯದ ಹಳೇ ಮಾರ್ಕುಗಳಲ್ಲಿ ಚಿಲ್ಲರೆ ಎಣಿಸುತ್ತಾರೆ.
ನಾನು ಹೇಳಲೆಂದು ನಡುನಡುವೆ ಸುಮ್ಮನಾಗುತ್ತಾರೆ.
ಎಂಥ ಮರ್ಯಾದಸ್ಥರು!
ಐವತ್ತು ವರ್ಷದಲ್ಲಿ ನನ್ನ ಮಾತಿಗೆಂದು
ಇಷ್ಟು ಜಾಗ ಬಿಟ್ಟವರನ್ನು ಕಂಡಿಲ್ಲ.

ಚಮಚ ಗಂಡಂತೆ, ಫೋರ್ಕು ಹೆಣ್ಣಂತೆ, ಚಾಕು ಎರಡೂ ಅಲ್ಲವಂತೆ.
ನಮ್ಮ ಜಾರ್ಜಿಯನ್ನಿನಲ್ಲಿ ಅವನು ಅವಳು ಅದು, ಎಲ್ಲಕ್ಕೂ ಒಂದೇ ಪದ;
ಗಂಡ, ಹೆಂಡತಿ, ಕೆಟ್ಟ ಹೀಟರು ಒಂದೇ ಬೆಂಚಿನ ಮೇಲೆ ಕೂರಬಹುದು.
ಇಲ್ಲಿ ಪಾತ್ರೆ ಪಾತ್ರೆಗೂ ಜಾತಕ ಕೇಳಬೇಕು.
ಅಡುಗೆಮನೆಗೆಲ್ಲ ಚೀಟಿ ಅಂಟಿಸಿದೆ,
ಡೆರ್ ನೀಲಿ, ಡೀ ಕೆಂಪು, ಡಾಸ್ ಹಸಿರು.
ಹಬೆಗೆ ಅಂಟು ಬಿಟ್ಟು
ಉಪ್ಪಿನ ಡಬ್ಬಿಯ ಲಿಂಗ ಸಾರಿನೊಳಗೆ ಬಿತ್ತು.

ನಾಲ್ಕನೇ ಪಾಠದಲ್ಲಿ ಒಂದು ಮಗು 'ಮಾಮಾ! ಮಾಮಾ!' ಎಂದು ಕೂಗುತ್ತದೆ.
ನಮ್ಮಲ್ಲಿ ಮಾಮಾ ಎಂದರೆ ಅಪ್ಪ.
ಓಡಿ ಬಂದದ್ದು ಹೆಂಗಸು.
ಹಿಂದಕ್ಕೆ ಸುತ್ತಿ ಮೂರು ಸಲ ಕೇಳಿದೆ.

ಏಳನೆಯದು ಭೂತಕಾಲ.
ಮೂರು ನಿಮಿಷ ಎಲ್ಲ ಸರಿ. 'ನಿನ್ನೆ,' ಅನ್ನುತ್ತಾಳೆ ಹೆಂಗಸು, 'ನಿನ್ನೆ ನಾನು...'
ಟಕ್.
ಆಮೇಲೆ ನನ್ನ ಅಣ್ಣ ಝೌರಿ.
ಲಾರಿ ಕಾರ್ಖಾನೆಯ ಗೆಳೆಯರ ಜೊತೆ ಹಾಡುತ್ತಿದ್ದಾನೆ, ಮೂರು ದನಿ,
ಅವನದು ಎಲ್ಲಕ್ಕಿಂತ ಕೆಳಗಿನದು, ಉಳಿದೆರಡು ನಿಂತ ಹಲಗೆ.
ಲೋಟ ತಾಗುತ್ತದೆ. ಯಾರೋ ಬೆಳ್ಳುಳ್ಳಿ ಚಟ್ನಿ ಕೇಳುತ್ತಾರೆ.
ಅವನು ಕೆಮ್ಮುತ್ತಾನೆ.
ಆಗ ಅದು ಬರೀ ಕೆಮ್ಮು.

ಡಬ್ಬಿ ಕೊಂಡವನೂ ಅವನೇ, ಕಾಸೆಲ್‌ಗೆ ಹೋಗುತ್ತೇನೆಂದು.
ಕರೆಂಟೂ ಇಲ್ಲದ, ಖಾಲಿ ಕ್ಯಾಸೆಟ್ಟೂ ಸಿಗದ ಚಳಿಗಾಲ.
ಯಾವುದನ್ನು ಅಳಿಸಲಿ ಎಂದು ಬೆರಳಾಡಿಸಿ
ಇದೊಂದು ಬೇಕಾಗಲಿಕ್ಕಿಲ್ಲ ಅಂದುಕೊಂಡಿರಬೇಕು.

ಹಾಗಾಗಿ ನನ್ನ ಜರ್ಮನ್ನಿಗೆ ನಿನ್ನೆ ಇರಲಿಲ್ಲ.

ಮೇ ತಿಂಗಳಲ್ಲಿ ಬೆನ್ನಿಗೆ ಚೀಲ ಹೊತ್ತ ಮುದುಕಿಯೊಬ್ಬಳು
ಮೆಸ್ತಿಯಾ ಬಸ್ಸು ಕೇಳಿದಳು. ಹೊರಟು ಹತ್ತು ನಿಮಿಷವಾಗಿತ್ತು.
'ಬಸ್ಸು ಇಲ್ಲಿ ಇಲ್ಲ,' ಅಂದೆ. 'ಬಸ್ಸು ರಸ್ತೆಯಲ್ಲಿ. ಬಸ್ಸು ದೂರ.'
ನಕ್ಕಳು. ನಾಳೆಯತನಕ ಅವಳಿಗೂ ಬೇರೆ ಕೆಲಸವಿರಲಿಲ್ಲ.
ತೂತಿನಿಂದ ಕೈ ತೂರಿಸಿ ಟಿಕೇಟಿನ ಹಿಂದೆ ಬರೆದಳು:
ತಿಂದದ್ದಕ್ಕೆ, ಕೊಂಡದ್ದಕ್ಕೆ, ಕೇಳಿದ್ದಕ್ಕೆ 'ನನ್ನಲ್ಲಿದೆ' ಸೇರಿಸು.
ನನ್ನಲ್ಲಿದೆ ಬ್ರೆಡ್ಡು, ತಿಂದು. ನನ್ನಲ್ಲಿದೆ ಹಾಡು, ಕೇಳಿ.
ಹೋಗುವುದು, ಬರುವುದು, ಬೀಳುವುದು ಮಾತ್ರ ಬೇರೆ.
ಅವಕ್ಕೆ ಬರೀ 'ಇದೆ', 'ಇದ್ದಾನೆ'.
ಬಸ್ಸು ಇದೆ, ಹೋಗಿ.

ಇನ್ನೊಂದು ಪದ ಬೇಕಿತ್ತು, ಗೊತ್ತಿರಲಿಲ್ಲ.
ಕಣ್ಣು ಮುಚ್ಚಿ ಕತ್ತು ವಾಲಿಸಿದೆ.
'ನಿದ್ದೆಯೆ? ಅದಕ್ಕೆ ನನ್ನಲ್ಲಿದೆ.'
ಅಲ್ಲ ಎಂದು, ಮಣ್ಣೆಳೆಯುವ ಹಾಗೆ ಕೈ ಮಾಡಿ ತೋರಿಸಿದೆ.
ಅವಳು ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.
ಅದೂ ಹೋಗುವವರ ಸಾಲಿಗೇ ಅಂದಳು.
ಇದ್ದಾನೆ, ಸತ್ತು.

ಜುಗ್ದಿದಿಯ ಬಸ್ಸು ಬಂತು, ಸಾಲು ಬೆಳೆಯಿತು,
ಯಾರಿಗೋ ಐದು ಲಾರಿ ಹೆಚ್ಚಿಗೆ ಚಿಲ್ಲರೆ ಕೊಟ್ಟೆ.

ರಾತ್ರಿ ಏಳನೆಯದನ್ನು ಹಾಕಿದೆ.
'ನಿನ್ನೆ,' ಅಂದಳು ಹೆಂಗಸು, 'ನಿನ್ನೆ ನಾನು...'
ಮುಂದಿನದು ಈಗ ಬರುತ್ತದಲ್ಲ, ಹೇಳೋಣವೆಂದು ಬಾಯಿ ತೆರೆದೆ.
ಅಣ್ಣ ಮೊದಲು ಶುರುಮಾಡಿದ.