ಗಾರೆ

ರಜೆ ಸಿಕ್ಕರೆ ಜನ ಕಡಲಿಗೆ ಹೋಗುತ್ತಾರೆ.
ನಾನು ಗೋಡೆ ನೋಡಲು ಹೋಗುತ್ತೇನೆ.
ಗಾರೆ ಕೆಲಸದವನು; ವಾರವಿಡೀ ಹಾಸನದಲ್ಲಿ
ಬೇರೆಯವರ ಗೋಡೆ ಎಬ್ಬಿಸಿ, ಭಾನುವಾರ
ಯಾರದೂ ಅಲ್ಲದ ಗೋಡೆ ಸವರುವ ಚಟ.
‘ಮದುವೆಗೆ ಮೊದಲೇ ಹೇಳಬೇಕಿತ್ತು’ ಅನ್ನುತ್ತಾಳೆ ಲೂರ್ದು.

ಈ ಸಲ ಅತ್ತೆಯೂ ಬಂದರು. ಎಂಬತ್ತೊಂದು.
ಚೌರಪ್ಪನ ಆಟೋ. ಹಿಂದೆ ಅವರು, ಲೂರ್ದು,
ನಡುವೆ ಚಿತ್ರಾನ್ನದ ಡಬ್ಬಿ;
ಮುಂದೆ ಅರ್ಧ ಸೀಟಿನಲ್ಲಿ, ಅರ್ಧ ಗಾಳಿಯಲ್ಲಿ ನಾನು.

ಮಂಜರಾಬಾದಿನ ಮೆಟ್ಟಿಲು ಎಣಿಸಿದಳು ಲೂರ್ದು.
ಇನ್ನೂರ ನಲವತ್ತರ ಹತ್ತಿರ
ಉಸಿರು ತಪ್ಪಿತೋ, ಲೆಕ್ಕ ತಪ್ಪಿತೋ.
ಅತ್ತೆ ಕೆಳಗೇ ಉಳಿದರು, ಎಳನೀರಿನವನ ಕೊಡೆಯಡಿ:
‘ಬೇಕಾದರೆ ಕೋಟೆಯೇ ಇಳಿದು ಬರಲಿ.’

ಆಕಾಶದಿಂದ ನೋಡಿದರೆ ನಕ್ಷತ್ರವಂತೆ.
ಒಳಗಿದ್ದವನಿಗೆ ಬರೀ ಮೂಲೆ,
ತಿರುಗಿದರೆ ಇನ್ನೊಂದು ಮೂಲೆ,
ಗೋಡೆಯುದ್ದಕ್ಕೂ ಕೋವಿ ಚಾಚಲು ಕಿಂಡಿ.
ಕಣ್ಣಿಟ್ಟೆ. ಮಂಗಳೂರು ರಸ್ತೆಯಲ್ಲಿ
ಟ್ಯಾಂಕರ್ ಲಾರಿಗಳು ಇರುವೆಯ ಹಾಗೆ ಸಾಲುಗಟ್ಟಿದ್ದವು.
ಒಂದೂ ನನಗೆ ಹೆದರಲಿಲ್ಲ.

ಆಮೇಲೆ ಅದು ಸಿಕ್ಕಿತು.
ಕೊಳದಿಂದ ಎಡಕ್ಕೆ, ಕಮಾನಿನ ಪಕ್ಕ,
ಒಂದು ಮೊಳದ ಸಿಮೆಂಟ್ ತೇಪೆ. ಬೂದಿ ಬಣ್ಣ.
ಸುತ್ತ ಸುಣ್ಣದ ಗಾರೆ, ಮುದುಕರ ಅಂಗೈಯ ಹಾಗೆ,
ನಡುವೆ ಇದು, ಕಟ್ಟಿಸಿದ ಹಲ್ಲಿನ ಹಾಗೆ.
ಇಪ್ಪತ್ತೆರಡು ವರ್ಷದ ಕೆಳಗೆ, ದಿನಕ್ಕೆ ತೊಂಬತ್ತು ರೂಪಾಯಿ.
‘ಸುಣ್ಣ ಅರೆಯುತ್ತ ಕೂತರೆ ಬಿಲ್ಲು ಯಾವಾಗ ಆಗುತ್ತೋ?’
ಅಂದಿದ್ದ ಕಂಟ್ರಾಕ್ಟರ್. ಬಳಿದಿದ್ದೆ.
ತೇಪೆ ಈಗ ಬಿರುಕು ಬಿಟ್ಟಿದೆ. ಬಿಟ್ಟರೆ ಬಿಡಲಿ,
ಪಕ್ಕದ ಹಳೆಯ ಗಾರೆಯನ್ನೂ ಕಿತ್ತುಕೊಂಡು ಬಿಡುತ್ತಿದೆ.
ಮೂಲೆಯಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ಇನ್ನೂ ಇದೆ.
ಇಟ್ಟು ನೋಡಿದೆ. ಹಿಡಿಸಲಿಲ್ಲ, ದಪ್ಪಗಾಗಿದ್ದೇನೆ.
ಲೂರ್ದುಗೆ ತೋರಿಸಲಿಲ್ಲ.

ಶೆಟ್ಟಿಹಳ್ಳಿ ಮುಟ್ಟಿದಾಗ ಹೊತ್ತು ಇಳಿದಿತ್ತು.
ಹೇಮಾವತಿ ಹಿಂದೆ ಸರಿದಿದ್ದಳು,
ಕೆಸರು ಒಣಗಿ ಹಪ್ಪಳದಂತೆ ಒಡೆದಿತ್ತು.
ಈ ಇಗರ್ಜಿಗೆ ಕಂದಕವಿಲ್ಲ, ಕಿಂಡಿಯಿಲ್ಲ, ಸೂರೂ ಇಲ್ಲ.
ಆದರೂ ಮಳೆಗಾಲ ಬಂತೆಂದರೆ ಮುತ್ತಿಗೆ,
ಸೊಂಟದ ಮಟ್ಟ, ಕತ್ತಿನ ಮಟ್ಟ,
ಬೇಸಿಗೆಗೆ ದಂಡು ಹಿಂದಕ್ಕೆ.
ಬೆಲ್ಲ, ಮೊಟ್ಟೆ ಹಾಕಿ ಅರೆದ ಸುಣ್ಣವಂತೆ. ಇರಬಹುದು.
ಯಾರೂ ನೋಡದಾಗ ನೆಕ್ಕಿ ನೋಡಿದೆ:
ಬರೀ ಕೆರೆಯ ರುಚಿ.

ಅತ್ತೆ ಚಪ್ಪಲಿ ಬಿಟ್ಟರು, ಕದವಿಲ್ಲದ ಬಾಗಿಲ ಹೊರಗೆ.
ಬಲಗಡೆ ಗೋಡೆಗೆ ಕೈ ಹಾಕಿದರು, ನೋಡದೆಯೇ,
ಕರೆಂಟು ಹೋದಾಗ ಬೆಂಕಿಪೊಟ್ಟಣಕ್ಕೆ ಕೈ ಹೋದ ಹಾಗೆ.
ಅಲ್ಲಿ ಗೂಡು. ತೀರ್ಥದ ಬಟ್ಟಲಿದ್ದ ಗೂಡು.
ಬೆರಳಿಗೆ ಬಂದದ್ದು ಕೆಸರು, ಇನ್ನೂ ಹಸಿ.
ಅದನ್ನೇ ಹಣೆಗೆ, ಎದೆಗೆ, ಎರಡು ಭುಜಕ್ಕೆ.

ಒಳಗೆ ಒಂದು ಜೋಡಿ, ಮದುವೆ ಫೋಟೋಗೆ ಬಂದವರು,
ಡಬ್ಬಿಯಿಂದ ನೀಲಿ ಹೊಗೆ.
‘ಅಜ್ಜೀ, ಸ್ವಲ್ಪ ಪಕ್ಕಕ್ಕೆ, ಫ್ರೇಮಲ್ಲಿ ಬರ್ತಿದ್ದೀರ.’
ಸರಿದರು. ‘ಇನ್ನೂ ಸ್ವಲ್ಪ.’
‘ಊರನ್ನೇ ಸರಿಸಿ ಆಯ್ತಲ್ಲಪ್ಪ, ಇನ್ನೆಷ್ಟು ಸರೀಲಿ?’
ನಗುತ್ತಲೇ ಅಂದರು. ಹುಡುಗ ಕ್ಯಾಮೆರಾ ಇಳಿಸಿದ.
ಆಮೇಲೆ ಅವರೇ ಹೋಗಿ
ಆ ಹುಡುಗಿಯ ಗೌನಿನ ಅಂಚು ಕೊಡವಿ,
ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದರು:
‘ಇಲ್ಲಿ. ನಾನು ನಿಂತಿದ್ದೂ ಇಲ್ಲೇ.
ಈ ಹೊತ್ತಲ್ಲಿ ಬೆಳಕು ಬರೋದು ಇಲ್ಲಿಗೇ.’

ವಾಪಸು ಬರುವಾಗ ಕತ್ತಲು. ಅತ್ತೆಗೆ ನಿದ್ದೆ.
ಹಣೆಯ ಮೇಲಿನ ಕೆಸರು ಒಣಗಿ ಬೆಳ್ಳಗಾಗಿತ್ತು.
ಲೂರ್ದು ಒರೆಸಲು ಹೋದಳು. ಬಿಡು ಅಂದೆ.

‘ಚೌರಪ್ಪ, ಸುಣ್ಣ ಎಲ್ಲಿ ಸಿಗುತ್ತೋ ಈಗ?’
‘ಎಲೆಯಡಿಕೆಗಾ?’
ಎದುರಿನ ಲಾರಿ ದಾಟುವವರೆಗೂ ಸುಮ್ಮನಿದ್ದು
ಹೂಂ ಅಂದೆ.