ಮಾದರಿ ತಟ್ಟೆ

ಚಿಕ್ಕಮಗಳೂರಿನ ನಮ್ಮ ಕ್ಯೂರಿಂಗ್ ವರ್ಕ್ಸಿಗೆ
ಬಣ್ಣ ನೋಡಿ ಬೀಜ ಆರಿಸುವ ಯಂತ್ರ ಬಂತು.
ಕಣ್ಣು ಒಂಬತ್ತು, ಬುದ್ಧಿ ಇನ್ನೂ ಬಂದಿಲ್ಲ.
ಕಲಿಸಲು ಹಾಜಿರಾಬಿಯನ್ನು ಕರೆದರು.

ಇಪ್ಪತ್ತೆರಡು ವರ್ಷದ ಬೆರಳು
ತಟ್ಟೆಯಲ್ಲಿ ಗುಡ್ಡೆ ಹಾಕಿತು:
ಇದು ಕರಿಕಾಳು, ಇದು ಕಿವಿ,
ಇದು ಹುಳ ಸಂಸಾರ ಮಾಡಿದ್ದು.
ಎಂಜಿನಿಯರ್ ಹುಡುಗ ಒಂದೊಂದಕ್ಕೂ ಫೋಟೊ ಹಿಡಿದ.

ಕೊನೆಗೊಂದು ಕಾಳು. ಚೆಂದದ್ದೇ.
ಉಗುರಲ್ಲಿ ಗೀರಿದಳು, ಮೂಸಿದಳು, ಪಕ್ಕಕ್ಕಿಟ್ಟಳು.
‘ಇದಕ್ಕೇನಾಗಿದೆ?’
‘ಒಂದು ಮೂಟೆ ಕೆಡಿಸತ್ತೆ.’
ಫೋಟೊದಲ್ಲಿ ಏನೂ ಕಾಣಲಿಲ್ಲ.

ಇದೇ ಯಂತ್ರವನ್ನು ವಿಯೆಟ್ನಾಮಿಗೂ ಮಾರಿದ್ದಾರಂತೆ,
ಬ್ರೆಜಿಲಿಗೂ.
ಸಾಹುಕಾರರು ಬ್ರೋಷರ್ ಮಡಚಿಟ್ಟು
ಆ ಒಂದು ಕಾಳನ್ನೇ ನೋಡುತ್ತ ಕೂತರು.

ಹಾಜಿರಾಬಿ ಸೆರಗಿನ ಹೊಟ್ಟು ಕೊಡವಿ ಎದ್ದಳು.
ಮಸ್ಟರ್ ಬರೆಯುವ ನನ್ನ ಕಡೆ ತಿರುಗಿ,
‘ಆರಿಸಿದ್ದಕ್ಕೆ ಕೂಲಿ ಗೊತ್ತು.
ಕಲಿಸಿದ್ದಕ್ಕೆ ಯಾವ ರೇಟು?’