ಇಪ್ಪತ್ತಮೂರನೆಯ ಗುಳಿ

ಅನುದಾನದ ಅರ್ಜಿಗೆ ನಲವತ್ತೊಂದು ಪುಟ.
ಮೂರನೆಯದರಲ್ಲಿ ಕೇಳುತ್ತಾರೆ:
ಈ ನೆಲದಲ್ಲಿ ಮೊದಲು ಏನಿತ್ತು?
ಉತ್ತರಕ್ಕೆ ಬಿಟ್ಟ ಜಾಗ ಎರಡೂವರೆ ಸಾಲು.

ಬರೆದೆ: ಕಾರವಾರ, ಕಾಳಿ ನದಿಯ ದಂಡೆ,
ಲೈಟುಕಂಬಗಳಿಗೆ ಮದ್ದು ಕುಡಿಸುತ್ತಿದ್ದ ಡಿಪೋ,
ಮುಚ್ಚಿ ಇಪ್ಪತ್ತೆಂಟು ವರ್ಷ.
ಸಾಲು ಮುಗಿಯಿತು.

ಬರೆಯದೆ ಉಳಿದದ್ದು:
ಗೇಟಿನ ಕೀಲಿ ಯಾರ ಬಳಿಯೂ ಇಲ್ಲ,
ನಗರಸಭೆ ಅರಣ್ಯ ಇಲಾಖೆಯತ್ತ ಬೆರಳು ತೋರಿಸುತ್ತದೆ,
ಅರಣ್ಯದವರು ವಿದ್ಯುತ್ತಿನವರತ್ತ,
ಅವರ ಕಚೇರಿಯ ಹೆಸರೇ ಈಗ ಬೇರೆ.
ಹುಡುಗರು ಗೋಡೆ ಹಾರಿ ಕ್ರಿಕೆಟ್ ಆಡುತ್ತಾರೆ.
ಎಂಥ ಮಳೆ ಬಿದ್ದರೂ ಪಿಚ್ಚಿನ ಮೇಲೆ ಹುಲ್ಲು ಹುಟ್ಟುವುದಿಲ್ಲ,
ಅದೊಂದು ಅನುಕೂಲ ಅವರಿಗೆ.

ಹಣ ಬಂತು, ಅರ್ಧ.
ನಲವತ್ತು ಗುಳಿ ಕೇಳಿದ್ದೆ, ಇಪ್ಪತ್ತೆರಡು ಕೊಟ್ಟರು.
ಒಂದು ಶೀಶೆ ಮಣ್ಣಿನ ಪರೀಕ್ಷೆಗೆ ಮೂರು ಸಾವಿರದ ಇನ್ನೂರು.
ನಕ್ಷೆಗೆ ಚೌಕ ಎಳೆದು ಚುಕ್ಕಿ ಇಟ್ಟೆ,
ರಂಗೋಲಿಯ ಹಾಗೆ, ಆದರೆ ಜಿಪುಣಿಯ ರಂಗೋಲಿ.

ಖೇಮು ಗೌಡ ಬಂದ. ಹತ್ತೊಂಬತ್ತು ವರ್ಷ ಇಲ್ಲೇ ದುಡಿದವನು.
ಬೂಟು ಹಾಕಿಕೊಳ್ಳಿ ಎಂದು ಕೊಟ್ಟೆ.
ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲೇ ನಡೆದ.
‘ನಿಮ್ಮ ಚುಕ್ಕಿ ಸುಳ್ಳು ಅಮಾ.
ಟಾಕಿ ಇದ್ದದ್ದು ಇಲ್ಲಿ.
ಕಂಬ ಎತ್ತಿ ಆ ಬದಿಗೆ ಒರಗಿಸ್ತಿದ್ರು,
ಹಸ್ರು ನೀರು ತೊಟ್ಟಿಕ್ಕುದು, ಗಿಳಿ ಮಿಂದ ಹಾಗೆ.’
ಆರು ಚುಕ್ಕಿ ಜರುಗಿಸಿದೆ.

ಬೈರಿಗೆ ತಿರುಗಿತು. ಎರಡು ಅಡಿ ಕೆಂಪು.
ಆಮೇಲೆ ಬಣ್ಣಕ್ಕೆ ಹೆಸರು ಸಿಗಲಿಲ್ಲ,
‘ಮಾಸಲು’ ಎಂದು ನಮೂದಿಸಿದೆ.
ಮೀನುಪೇಟೆಯಿಂದ ಎರವಲು ತಂದ ಡಬ್ಬಿಯಲ್ಲಿ
ಶೀಶೆಗಳನ್ನು ಬರ್ಫದ ನಡುವೆ ಮಲಗಿಸಿ
ಹುಬ್ಬಳ್ಳಿ ಬಸ್ಸಿಗೆ ಹಾಕುವಾಗ
ಕಂಡಕ್ಟರ್ ಮೂಗು ಮುಚ್ಚಿ ಕೇಳಿದ, ‘ಬಂಗಡೆಯೋ?’
ಮಣ್ಣು, ಎಂದೆ.
ನನ್ನ ಮುಖ ನೋಡಿ ಲಗೇಜು ಚೀಟಿ ಹರಿದ.

ಅಂದು ಸಂಜೆ ಖೇಮುವಿನ ಮನೆಯಲ್ಲಿ ಚಾ.
ಕೊಟ್ಟಿಗೆಯ ನಾಲ್ಕೂ ಕಂಬ ತೋರಿಸಿದ, ಮಗನ ಮದುವೆಯ ಫೋಟೋ ತೋರಿಸುವವನಂತೆ.
‘ಡಿಪೋದ್ದೇ. ಮೂವತ್ತು ಮಳೆಗಾಲ ಆಯ್ತು,
ಗೆದ್ದಲು ಮುಟ್ಟುದಿಲ್ಲ.’
ಹಿತ್ತಲಲ್ಲಿ ತುಂಡುಗಳ ರಾಶಿ,
ಇನ್ನೊಂದು ಮಳೆಗಾಲಕ್ಕೆ ಸಾಕಾಗುವಷ್ಟು ಸೌದೆ.
ಒಲೆಯ ಬೂದಿ ಬಸಳೆಯ ಬುಡಕ್ಕೆ,
ಮಿಕ್ಕ ಬೂದಿ ಪಾತ್ರೆಗೆ.

ಕೈಯಲ್ಲಿದ್ದ ಹಿತ್ತಾಳೆ ಲೋಟ
ಥಳಥಳ ಹೊಳೆಯುತ್ತಿತ್ತು.
ಅರ್ಧ ಕುಡಿದಾಗಿತ್ತು.

ಯೋಜನೆಯ ಗಡಿ ಗಟಾರದ ಆಚೆಗೇ ಮುಗಿಯುತ್ತದೆ,
ಈ ಮನೆ ಬೇರೆ ಸರ್ವೆ ನಂಬರು.
ನಿಯಮ ನನಗೆ ಬಾಯಿಪಾಠ:
ಗಡಿಯಾಚೆ ಅಗೆದರೆ ಆಕ್ಷೇಪಣೆ,
ಆಕ್ಷೇಪಣೆ ಬಂದರೆ ಎರಡನೆಯ ಕಂತಿಗೆ ತಡೆ,
ತಡೆ ಬಿದ್ದರೆ ಹುಡುಗರ ಪಿಚ್ಚು ಹಾಗೆಯೇ.

‘ಬೂದಿ ಮುಟ್ಟಬೇಡಿ’ ಎಂದೆ ಬೆಳ್ಳಿಗೆ.
ಅವಳು ಗಂಡನ ಕಡೆ ನೋಡಲಿಲ್ಲ, ಸೌದೆಯ ಕಡೆಯೂ.
‘ಮತ್ತೆ ಎಂತದ್ರಲ್ಲಿ ತೊಳೀಲಿ?’

ಖರ್ಚಿನ ಪಟ್ಟಿಯ ಕೊನೆಗೆ ಒಂದು ಸಾಲು ಉಂಟು:
ಇತರೆ.
ಸ್ಟೇಪಲ್ ಪಿನ್ನು, ನಿಂಬೆ ಶರಬತ್ತು, ಆಟೋ.
ಅಲ್ಲಿ ಬರೆದೆ:
ಗುಳಿ ಒಂದು, ಬಸಳೆ ಚಪ್ಪರದ ಕೆಳಗೆ.
ಬೂದಿ, ಒಂದು ಶೀಶೆ.
ಪಾತ್ರೆ ತೊಳೆಯುವ ಸಾಬೂನು ಎರಡು, ರಶೀದಿ ಲಗತ್ತಿಸಿದೆ.

ಲೆಕ್ಕ ತಪಾಸಣೆಯವರು ಸೋಮವಾರ ಬರುತ್ತಾರೆ.
ಹುಬ್ಬಳ್ಳಿಯಿಂದ ಇನ್ನೂ ಫೋನಿಲ್ಲ.
ಖೇಮು ಬೂಟು ವಾಪಸು ಕೊಟ್ಟು ಹೋದ, ಹೊಸದರ ಹಾಗೇ,
ಲೇಸು ಕೂಡ ಬಿಚ್ಚಿಲ್ಲ.